ಗಣಕವು ‘ಇಲ್ಲ’ವೆಂದಾಗ

ಶಿಗ್ಗಾವಿ ತಾಲೂಕಿನ ಗೊಟಗೋಡಿಯ ಹೆಸರು ನಾಡಿನ ಜನಕ್ಕೆ ಎರಡು ಕಾರಣಗಳಿಂದ ಪರಿಚಿತವಾಗಿದೆ. ಹಳ್ಳಿಯ ಬಾಳುವೆಯನ್ನೇ ಶಿಲ್ಪಗಳಲ್ಲಿ ನಿಲ್ಲಿಸಿದ ಉತ್ಸವ ರಾಕ್ ಗಾರ್ಡನ್ ಒಂದು. 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇನ್ನೊಂದು. ಜಾನಪದವೆಂದರೆ ಬಾಯಿಂದ ಬಾಯಿಗೆ ಬಂದದ್ದು ನಿಜವೇ. ಆದರೂ ಅದರ ಅಭ್ಯಾಸಿಗೆ ಕಾಗದದ ಕೆಲಸವೇನೂ ಕಡಿಮೆಯಿಲ್ಲ. ಲಾವಣಿ, ಗೀಗೀ ಪದ, ದೊಡ್ಡಾಟಗಳ ಹಳೆಯ ಅಚ್ಚಿನ ಪುಸ್ತಕಗಳು ಹಾಳೆ ಮಗುಚಿದರೆ ಮುರಿಯುವ ಸ್ಥಿತಿಗೆ ಬಂದಿರುತ್ತವೆ. ಅವುಗಳ ಚಿತ್ರ ತೆಗೆದಿಟ್ಟರೆ ಪುಸ್ತಕವೇನೋ ಉಳಿಯಿತು. ಆದರೆ ಒಂದು ಶಬ್ದವನ್ನು ಸಾವಿರ ಪುಟಗಳಲ್ಲಿ ಹುಡುಕಬೇಕಾದರೆ, ಚಿತ್ರದೊಳಗಿನ ಅಕ್ಷರ ಅಕ್ಷರವಾಗಿಯೇ ಕೈಗೆ ಬರಬೇಕು.

ಈ ಕೆಲಸವನ್ನು ಮಾಡಬಲ್ಲ ತಂತ್ರಾಂಶಗಳಲ್ಲಿ ಟೆಸ್ಸೆರಾಕ್ಟ್ ಎಂಬುದು ಒಂದು. ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯಲ್ಲಿ 1980ರ ದಶಕದಲ್ಲಿ ಹುಟ್ಟಿ, 2005ರಲ್ಲಿ ಎಲ್ಲರಿಗೂ ಮುಕ್ತವಾದ ಇದು ಕನ್ನಡವನ್ನೂ ಓದುತ್ತದೆ. ಅದರ ಹೊಸ ಆವೃತ್ತಿ ಬೇಕೆಂದರೆ, ಇಲ್ಲವೆ ನಮ್ಮ ಹಳೆಯ ಮೊಳೆಗಳ ಪರಿಚಯವನ್ನು ಅದಕ್ಕೆ ಮಾಡಿಕೊಡಬೇಕೆಂದರೆ, ಎಷ್ಟೋ ವೇಳೆ ಮೂಲ ಕೋಡನ್ನೇ ತಂದು ನಮ್ಮ ಯಂತ್ರದಲ್ಲಿ ಕಟ್ಟಿಕೊಳ್ಳಬೇಕಾಗುವದು. ಹೊಸಬರು ಎಡವುವದು ಈ ಹೊಸ್ತಿಲಿನಲ್ಲಿಯೇ.

ಕಟ್ಟುವದಕ್ಕೆ ಮೊದಲು ‘ಕಾನ್ಫಿಗರ್’ ಎಂಬ ವಿಧಿಯೊಂದನ್ನು ನಡೆಯಿಸಬೇಕು. ಇಂಥ ವಿಧಿಗಳನ್ನು ತಾನಾಗಿಯೇ ಬರೆದುಕೊಡುವ ಆಟೋಕಾನ್ಫ್ ಎಂಬ ಸಾಧನವನ್ನು ಡೇವಿಡ್ ಮೆಕೆಂಜಿ 1991ರಲ್ಲಿ ಆರಂಭಿಸಿದನು. ಮನೆಗೆ ಬಂದ ಬಡಿಗನು ಗರಗಸವಿದೆಯೆ, ಉಳಿ ಇದೆಯೆ ಎಂದು ಒಂದೊಂದಾಗಿ ಕೇಳುವಂತೆ ಕಾನ್ಫಿಗರ್ ಯಂತ್ರವನ್ನು ವಿಚಾರಿಸುತ್ತ ಹೋಗುತ್ತದೆ. ಅದು ಕೇಳುವ ವಸ್ತುಗಳಲ್ಲಿ ಮುಖ್ಯವಾದವು ಹೆಡರ್ ಕಡತಗಳು.

ಹೆಡರ್ ಎಂದರೇನು? ದೊಡ್ಡಾಟದ ಮೇಳವೊಂದನ್ನು ನೆನೆಯಿರಿ. ಕುಣಿಯುವವರು, ಹಾಡುವವರು ಬೇರೆ. ಯಾರು ಯಾವ ಪಾತ್ರ ಮಾಡಬಲ್ಲರು, ಅವರಿಗೆ ಏನು ಒದಗಿಸಬೇಕು ಎಂಬ ಪಟ್ಟಿ ಬೇರೆ. ಆಟ ನೋಡುವವನಿಗೆ ಪಟ್ಟಿ ಬೇಡ. ಆ ಮೇಳದ ಸಲುವಾಗಿ ಹೊಸ ಆಟ ಬರೆಯುವವನಿಗೆ ಅದಿಲ್ಲದೆ ನಡೆಯದು. ತಂತ್ರಾಂಶದ ಭಂಡಾರ, ಅಂದರೆ ಲೈಬ್ರರಿ, ಮೇಳವಿದ್ದಂತೆ. ಹೆಡರ್ ಆ ಪಟ್ಟಿಯಿದ್ದಂತೆ. ಉಬುಂಟು, ಡೆಬಿಯನ್‌ಗಳಲ್ಲಿ ಇವೆರಡನ್ನು ಬೇರೆ ಬೇರೆ ಗಂಟು ಕಟ್ಟಿದ್ದಾರೆ. ಪಟ್ಟಿಯ ಗಂಟಿನ ಹೆಸರಿನ ಕೊನೆಗೆ ‘ಡೆವ್’ ಎಂದಿರುತ್ತದೆ, ಫೆಡೋರಾದಲ್ಲಿ ‘ಡೆವೆಲ್’. ಆದುದರಿಂದ ‘ಲೆಪ್ಟೋನಿಕಾ ನನ್ನ ಯಂತ್ರದಲ್ಲಿ ಇದೆಯಲ್ಲ, ಇಲ್ಲವೆಂದು ಯಾಕೆ ಹೇಳುತ್ತದೆ?’ ಎಂಬ ಆಕ್ಷೇಪವೂ ಸರಿ, ಕಾನ್ಫಿಗರಿನ ಉತ್ತರವೂ ಸರಿ. ಮೇಳವಿದೆ, ಪಟ್ಟಿಯಿಲ್ಲ.

ಇಲ್ಲಿಯವರೆಗಿನದು ಸುಲಭ. ಡೆವ್ ಗಂಟನ್ನು ಹಾಕಿದ ಮೇಲೂ ‘ಇಲ್ಲ’ವೆಂದೇ ಬಂದರೆ? ಆಗ ಕಾನ್ಫಿಗರ್ ಕೇಳುವ ರೀತಿಯನ್ನು ತಿಳಿದಿರಬೇಕು. ಅದು ಕಡತವನ್ನು ಕಣ್ಣಿಂದ ಹುಡುಕುವದಿಲ್ಲ. ಆ ಹೆಡರನ್ನು ಕರೆಯುವ ನಾಲ್ಕು ಸಾಲಿನ ಒಂದು ಪುಟ್ಟ ಪ್ರೋಗ್ರಾಮನ್ನು ಬರೆದು ಕಂಪೈಲರಿಗೆ ಕೊಡುತ್ತದೆ. ಕಂಪೈಲರು ಒಪ್ಪಿದರೆ ‘ಹೌದು’. ಯಾವ ಕಾರಣಕ್ಕೇ ಆಗಲಿ ತಿರಸ್ಕರಿಸಿದರೆ ‘ಇಲ್ಲ’. ಹೆಡರು ಬೇರೆ ಕೋಶದಲ್ಲಿರಬಹುದು. ಹೆಡರು ಇದ್ದು, ಅದು ನೆಚ್ಚಿದ ಇನ್ನೊಂದು ಹೆಡರು ಇಲ್ಲದಿರಬಹುದು. ಕಂಪೈಲರಿಗೇ ನಾವು ತಪ್ಪು ಸೂಚನೆ ಕೊಟ್ಟಿರಬಹುದು. ಪರದೆಯ ಮೇಲೆ ಎಲ್ಲಕ್ಕೂ ಅದೇ ಒಂದು ಶಬ್ದ. ಪದ ಸಂಗ್ರಹಿಸಲು ಹೋದವನಿಗೆ ಮೊದಲ ಮನೆಯಲ್ಲಿ ‘ನಮ್ಮ ಊರಾಗ ಹಾಡೋರಿಲ್ರೀ’ ಎಂಬ ಉತ್ತರ ಸಿಕ್ಕರೆ ಅವನು ಊರು ಬಿಡುತ್ತಾನೆಯೆ?

ನಿಜವಾದ ಕಾರಣವು ‘ಕಾನ್ಫಿಗ್ ಡಾಟ್ ಲಾಗ್’ ಎಂಬ ಕಡತದಲ್ಲಿ ಬರೆದಿರುತ್ತದೆ. ಇದನ್ನು ತೆರೆದವರು ಕೂಡ ಬಹುತೇಕ ಕೊನೆಯ ಸಾಲುಗಳನ್ನು ನೋಡಿ, ಏನೂ ತಿಳಿಯದೆ ಮುಚ್ಚುತ್ತಾರೆ. ಕೊನೆಯಲ್ಲಿರುವದು ನೆನಪಿಟ್ಟ ಉತ್ತರಗಳ ಉದ್ದನೆಯ ಯಾದಿ ಮಾತ್ರ. ಬೇಕಾದ ಹೆಡರಿನ ಹೆಸರನ್ನು ಹುಡುಕಿರಿ. ಅದರ ಕೆಳಗೆ ಕಂಪೈಲರಿನ ದೂರು, ಅದರ ಕೆಳಗೆ ಸೋತ ಆ ಪುಟ್ಟ ಪ್ರೋಗ್ರಾಮು ಇಡಿಯಾಗಿ ಇರುತ್ತದೆ. ದೂರಿನಲ್ಲಿ ಮೊದಲನೆಯದನ್ನೇ ಓದಬೇಕು; ಉಳಿದವು ಅನೇಕ ವೇಳೆ ಅದರ ಮಕ್ಕಳು.

ಕಡತ ಬೇರೆಡೆಯಲ್ಲಿದೆಯೆಂದು ತಿಳಿದರೆ, ‘ಸಿಪಿಪಿಫ್ಲ್ಯಾಗ್ಸ್’ ಎಂಬ ಚಲಕದಲ್ಲಿ ಅಡ್ಡಗೆರೆ, ದೊಡ್ಡ ಐ ಅಕ್ಷರ, ಅದಕ್ಕೆ ಹತ್ತಿಸಿ ಕೋಶದ ದಾರಿ, ಇಷ್ಟನ್ನು ಕೊಟ್ಟರೆ ಸಾಕು. ಟೆಸ್ಸೆರಾಕ್ಟ್ ಮಾತ್ರ ಲೆಪ್ಟೋನಿಕಾವನ್ನು ‘ಪ್ಯಾಕೇಜ್ ಕಾನ್ಫಿಗ್’ ಎಂಬ ಮಧ್ಯಸ್ಥನ ಮುಖಾಂತರ ವಿಚಾರಿಸುವದು, 1.74 ಅಥವಾ ಅದಕ್ಕೂ ಮೇಲಿನ ಆವೃತ್ತಿ ಬೇಕೆನ್ನುವದು. ಲೆಪ್ಟೋನಿಕಾವನ್ನೂ ನಾವೇ ಕಟ್ಟಿ ‘ಯುಎಸ್‌ಆರ್ ಲೋಕಲ್’ ಕೋಶದಲ್ಲಿ ಇಟ್ಟಿದ್ದರೆ, ಆ ದಾರಿಯನ್ನು ಮಧ್ಯಸ್ಥನಿಗೂ ‘ಪಿಕೆಜಿ ಕಾನ್ಫಿಗ್ ಪಾಥ್’ ಎಂಬ ಚಲಕದಿಂದ ತಿಳಿಸಬೇಕಾಗಬಹುದು. ಮಧ್ಯಸ್ಥನೇ ಯಂತ್ರದಲ್ಲಿ ಇಲ್ಲದೆ ದೂರು ಮಾತ್ರ ಲೆಪ್ಟೋನಿಕಾದ ಹೆಸರಿಗೆ ಬರುವದೂ ಉಂಟು!

ಕೆಲವರು ಬೇಸತ್ತು, ‘ಇದೆ ಎಂದು ತಿಳಿದುಕೊ’ ಎಂದು ಕಾನ್ಫಿಗರಿಗೆ ಉತ್ತರವನ್ನು ತಾವೇ ತುಂಬಿಬಿಡುತ್ತಾರೆ. ಅದಕ್ಕೆ ಅವಕಾಶವಿದೆ. ಆದರೆ ಹೆಡರು ನಿಜಕ್ಕೂ ಇಲ್ಲದಿದ್ದರೆ ತೊಂದರೆ ಹೊಸ್ತಿಲು ದಾಟಿ ನಡುಮನೆಗೆ ಬಂತು, ಅಷ್ಟೇ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಕೆಟ್ಟದ್ದು ಕೆಲಸವನ್ನು ನಿಲ್ಲಿಸದ ‘ಇಲ್ಲ’. ಲೆಪ್ಟೋನಿಕಾ ಇಲ್ಲದಿದ್ದರೆ ಟೆಸ್ಸೆರಾಕ್ಟಿನ ಕಾನ್ಫಿಗರ್ ಅಲ್ಲಿಯೇ ನಿಲ್ಲುತ್ತದೆ, ನಮಗೂ ಎಚ್ಚರವಾಗುತ್ತದೆ. ಐಸಿಯು, ಪ್ಯಾಂಗೋ, ಕೈರೋ ಎಂಬ ಮೂರು ಸಿಗದಿದ್ದರೆ ಮಾತ್ರ ಒಂದು ಎಚ್ಚರಿಕೆಯ ಸಾಲನ್ನು ಮುದ್ರಿಸಿ ಮುಂದೆ ಸಾಗುತ್ತದೆ. ನೂರಾರು ಸಾಲುಗಳ ಓಟದಲ್ಲಿ ಅದು ಯಾರ ಕಣ್ಣಿಗೆ ಬೀಳಬೇಕು? ಕಟ್ಟಡ ಮುಗಿಯುತ್ತದೆ, ಟೆಸ್ಸೆರಾಕ್ಟ್ ಓಡುತ್ತದೆ. ಹೊಸ ಮೊಳೆ ಕಲಿಸುವ ಸಾಧನಗಳು ಮಾತ್ರ ಇರುವದಿಲ್ಲ. ಇಂಗ್ಲಿಷ್ ಪುಸ್ತಕ ಓದಿಸುವವನಿಗೆ ಇದು ಹೆಚ್ಚು ಬಾಧಿಸದು. ನಮಗೆ ಬಾಧಿಸುತ್ತದೆ; ಯಾಕೆಂದರೆ ಕಲಿಸುವದಕ್ಕಾಗಿ ಕನ್ನಡದ ಸಾಲುಗಳನ್ನು ಚಿತ್ರವಾಗಿ ಬರೆಯುವಾಗ, ಗುಣಿತ ಒತ್ತಕ್ಷರಗಳನ್ನು ಅವವುಗಳ ಸ್ಥಾನದಲ್ಲಿ ಕೂಡಿಸಲು ಪ್ಯಾಂಗೋ ಬೇಕೇ ಬೇಕು.

ಆದುದರಿಂದ ಆ ಮೂರರ ಡೆವ್ ಗಂಟುಗಳನ್ನು ಮೊದಲೇ ತಂದಿರಿಸಿಕೊಳ್ಳಿರಿ. ಹಿಂದೆ ಉತ್ತರಗಳನ್ನು ‘ಕಾನ್ಫಿಗ್ ಡಾಟ್ ಕ್ಯಾಶೆ’ ಕಡತದಲ್ಲಿ ಕೂಡಿಡಲು ಹೇಳಿದ್ದರೆ ಅದನ್ನು ಅಳಿಸಿರಿ. ಇಲ್ಲದಿದ್ದರೆ ಅದು ಹಳೆಯ ‘ಇಲ್ಲ’ವನ್ನೇ ಮತ್ತೆ ಹೇಳೀತು. ಬಳಿಕ ಕಾನ್ಫಿಗರನ್ನು ಮರಳಿ ನಡೆಯಿಸಿರಿ. ಎಲ್ಲವೂ ಸಿಕ್ಕಿದ್ದರೆ, ಕಲಿಕೆಯ ಸಾಧನಗಳನ್ನು ‘ಮೇಕ್ ಟ್ರೇನಿಂಗ್’ ಎಂಬ ಆಜ್ಞೆಯಿಂದ ಕಟ್ಟಬಹುದೆಂದು ಕೊನೆಗೆ ಅದೇ ತಿಳಿಸುತ್ತದೆ.