ಶೇಕಡಾ ಎಷ್ಟೆಂದು ಹೇಳುವವರು ಯಾರು?



ಕಾರವಾರದ ಬಳಿಯ ಅರ್ಗಾದಲ್ಲಿ, ನೌಕಾನೆಲೆಯ ಕಟ್ಟಡ ಕೆಲಸದಲ್ಲಿ ಸೆಂಟ್ರಿಂಗ್ ಬಡಗಿಯೊಬ್ಬ ಬಿದ್ದು ಸೊಂಟ ಮುರಿದುಕೊಂಡನೆಂದು ಊಹಿಸಿ. 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ಶೇಕಡಾ 30 ಎಂದು ಬರೆದಿತ್ತು. ಸೊಂಟದ ಪೆಟ್ಟಿಗೆ ಅಂಥ ಅಂಕಿ ಇರಲಿಲ್ಲ. ಗಳಿಕೆಯ ಶಕ್ತಿ ಎಷ್ಟು ಕುಂದಿತೆಂದು ವೈದ್ಯರೇ ಅಂದಾಜು ಮಾಡಬೇಕಿತ್ತು. ಮೂಳೆಯನ್ನು ಅಳೆಯಬಹುದು. ಗಳಿಕೆಯನ್ನು ಅಳೆಯುವ ಉಪಕರಣ ಯಾವ ಪ್ರಯೋಗಾಲಯದಲ್ಲಿದೆ?

1975ರಲ್ಲಿ ಎಡಗೈ ಕಳೆದುಕೊಂಡ ಬಡಗಿಯೊಬ್ಬನ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ಹೋದದ್ದು ಒಂದೇ ಕೈ, ನಷ್ಟ ಭಾಗಶಃ ಎಂದು ಮಾಲೀಕರ ವಾದ. ಒಂದು ಕೈಯಿಂದ ಮರಗೆಲಸ ಸಾಗದು, ಆದ್ದರಿಂದ ನಷ್ಟ ನೂರಕ್ಕೆ ನೂರು ಎಂದಿದ್ದ ಆಯುಕ್ತರ ತೀರ್ಮಾನವನ್ನೇ ನ್ಯಾಯಾಲಯ ಎತ್ತಿಹಿಡಿಯಿತು. ಉಳಿಗೆ ಒಂದು ಕೈ, ಕೊಡತಿಗೆ ಇನ್ನೊಂದು. ಇದಕ್ಕೆ ಎಕ್ಸ್-ರೇ ಬೇಕೆ!

ನಮ್ಮ ಹೈಕೋರ್ಟ್ ಆಯುಕ್ತರ ಅಂಕಿಯನ್ನು ಬದಿಗಿಟ್ಟು ತನ್ನದೇ ಶೇಕಡಾ ನಿಗದಿಮಾಡಿದಾಗ, 2016ರ ಗೊಲ್ಲ ರಾಜಣ್ಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಸಂಗತಿಗಳ ಮಟ್ಟಿಗೆ ಆಯುಕ್ತರದೇ ಕೊನೆಯ ಮಾತು. ಮಹತ್ವದ ಕಾನೂನು ಪ್ರಶ್ನೆ ಇದ್ದರಷ್ಟೇ ಮೇಲ್ಮನವಿ. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಮೇಲ್ಮನವಿಗೆ ಇದೇ ಮಿತಿ ಇಟ್ಟಿದೆ. ಹಾಗಾಗಿ ನಮ್ಮ ಅರ್ಗಾದ ಬಡಗಿ ವೈದ್ಯರ ಸಾಕ್ಷ್ಯವನ್ನೂ ತಾನು ಮಾಡುತ್ತಿದ್ದ ಕೆಲಸದ ವಿವರವನ್ನೂ ಮೊದಲ ವಿಚಾರಣೆಯಲ್ಲೇ ದಾಖಲಿಸಬೇಕು.