ಜೈಲಿನ ಬಾಗಿಲು ಯಾರಿಗೆ ತೆರೀತದೆ?

(ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಆಗಸ್ಟ್ 15, ಜನವರಿ 26 ಬಂದರೆ ಪೇಪರಿನಲ್ಲಿ ಒಂದು ಸುದ್ದಿ ಇರ್ತದೆ: ಸನ್ನಡತೆಯ ಕೈದಿಗಳ ಬಿಡುಗಡೆ. ಕೊಲೆ ಮಾಡಿ ಜೀವಾವಧಿ ಶಿಕ್ಷೆಯಾದೋರೂ ಅದರಲ್ಲಿರ್ತಾರೆ. ನಾವು ಓದಿ ಪುಟ ತಿರುವಿಬಿಡ್ತೀವಿ.

ಜೀವಾವಧಿ ಅಂದ್ರೆ 14 ವರ್ಷ ಅಂತ ಬಹಳ ಜನ ತಿಳಿದಿದ್ದಾರೆ. ತಪ್ಪು. ಉಸಿರಿರೋ ತನಕ ಎಂದು ಸುಪ್ರೀಂ ಕೋರ್ಟು 1961ರಲ್ಲೇ ಹೇಳಿದೆ. ಅದಕ್ಕೂ ಮುಂಚೆ ಬಿಡೋದು ಸರ್ಕಾರದ ಕೈಲಿದೆ. ಕೊಲೆಗಾರ 14 ವರ್ಷವಾದರೂ ಒಳಗಿರಲೇಬೇಕು ಅನ್ನೋ ಕಾನೂನು 1978ರಲ್ಲಿ ಬಂತು. ಆದರೆ ಸಂವಿಧಾನದ 161ನೇ ವಿಧಿಯ ಪ್ರಕಾರ ರಾಜ್ಯಪಾಲರು ಬಿಡೋದಾದರೆ ಆ ಕಟ್ಟೂ ಇಲ್ಲ. ರಾಜ್ಯಪಾಲರು ಅಂದ್ರೆ ಇಲ್ಲಿ ಮಂತ್ರಿಮಂಡಲವೇ.

ಮೇಲವಳವು ಕತೆ ಕೇಳಿ. ತಮಿಳುನಾಡಿನ ಮಧುರೈ ಜಿಲ್ಲೆ. ಪಂಚಾಯ್ತಿ ಅಧ್ಯಕ್ಷ ಸ್ಥಾನ ದಲಿತರಿಗೆ ಮೀಸಲಾಯ್ತು, ಮುರುಗೇಶನ್ ಗೆದ್ದರು. 1997ರ ಜೂನ್ 30ರಂದು ಬಸ್ಸು ತಡೆದು ಅವರೂ ಸೇರಿ 6 ಜನ ದಲಿತರನ್ನು ಕೊಚ್ಚಿ ಕೊಂದರು. 2001ರಲ್ಲಿ 17 ಜನಕ್ಕೆ ಜೀವಾವಧಿ ಆಯ್ತು. 2008ರಲ್ಲಿ ಅಣ್ಣಾದೊರೈ ಶತಮಾನೋತ್ಸವ ಅಂತ 3 ಜನ ಹೊರಬಂದರು. ಶಿಕ್ಷೆಯಾಗಿ ಬರೀ 7 ವರ್ಷ! 2019ರಲ್ಲಿ ಎಂಜಿಆರ್ ಶತಮಾನೋತ್ಸವದ ಹೆಸರಲ್ಲಿ 13 ಜನ. ನಾಯಕರ ಹುಟ್ಟುಹಬ್ಬದ ಸಿಹಿಯಲ್ಲಿ ಸತ್ತವರ ಹೆಂಡಿರು ಮಕ್ಕಳ ಪಾಲೆಷ್ಟು?

ಗುಜರಾತಿನಲ್ಲಿ 2022ರ ಆಗಸ್ಟ್ 15ರಂದು ಬಿಲ್ಕಿಸ್ ಬಾನು ಪ್ರಕರಣದ 11 ಜನರನ್ನು ಬಿಟ್ಟರು, ಹಾರ ಹಾಕಿದರು. ಆ ತಾಯಿ ಕೋರ್ಟು ಹತ್ತಿದ ಮೇಲೆ 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅವರನ್ನು ಮತ್ತೆ ಒಳಗೆ ಕಳಿಸಿತು.

ಹಾಗಾದ್ರೆ ಯಾರನ್ನೂ ಬಿಡಬಾರದಾ? ನಾನು ಹಾಗನ್ನಲ್ಲ. ಜೈಲಿನೊಳಗೆ ನಮ್ಮೋರೂ ಇದ್ದಾರೆ, ವಕೀಲನಿಗೆ ಕಾಸಿಲ್ಲದೋರು, ಅರ್ಜಿ ಬರೆಯೋಕೆ ಬಾರದೋರು. ಮನುಷ್ಯ ಬದಲಾಗ್ತಾನೆ ಅಂತ ನಂಬದಿದ್ರೆ ನಾವು ಚಳವಳಿ ಯಾಕೆ ಕಟ್ಟಬೇಕು? ಬುದ್ಧ ಅಂಗುಲಿಮಾಲನನ್ನು ಸಂಘಕ್ಕೆ ಸೇರಿಸಿಕೊಂಡ. ಆದರೆ ಅಂಗುಲಿಮಾಲ ಕತ್ತಿ ಬಿಸಾಡಿ ಬಂದ. ಜನ ಕಲ್ಲೆಸೆದಾಗ ರಕ್ತ ಸುರಿಸ್ಕೊಂಡು ಸಹಿಸಿದ. ಹಾರ ಹಾಕಿಸ್ಕೊಳ್ಳಲಿಲ್ಲ.

ಷರತ್ತು ಹಾಕಿ ಬಿಡೋದಕ್ಕೆ ಕಾನೂನಿದೆ; ಷರತ್ತು ಮುರಿದರೆ ಉಳಿದ ಶಿಕ್ಷೆಗೆ ವಾಪಸ್ ಎಳೆದು ತರಬಹುದು. ನಾವು ಕೇಳೋದು ಇಷ್ಟೇ. ಬಿಡೋ ಮುಂಚೆ ಸತ್ತವರ ಮನೆಯೋರನ್ನು ಕೇಳಿ. ಕೊಂದವನು ಅದೇ ಕೇರಿ ಮುಂದೆ ಮೀಸೆ ತಿರುವದ ಹಾಗೆ ಷರತ್ತು ಹಾಕಿ. ಬಿಟ್ಟ ಕಾರಣ ಬರೆದು ಎಲ್ಲರಿಗೂ ತೋರಿಸಿ. ಜಾತಿಬಲ ಇದ್ದೋನಿಗೂ ಇಲ್ಲದೋನಿಗೂ ಒಂದೇ ಅಳತೆ ಇರಲಿ.

ಓದಿದೋರು ನಾವು. ಒಳಗಿರೋ ಬಡವನ ಅರ್ಜಿ ಬರೆಯೋದೂ ನಮ್ಮ ಕೆಲಸ, ಹೊರಗಿರೋ ವಿಧವೆಯ ತಕರಾರು ಬರೆಯೋದೂ ನಮ್ಮ ಕೆಲಸ. ಪೆನ್ನು ಹಿಡೀರಿ.

ಜೈ ಭೀಮ್.