ಆಕಾಶದಲ್ಲಿ ವಿದ್ಯುತ್ತಿನ ಪಾಲು

(ಬಾನುಲಿ ಭಾಷಣ)

ದೂರದ ಪ್ರಯಾಣಕ್ಕೆ ಬುತ್ತಿ ಕಟ್ಟಿಕೊಂಡು ಹೊರಡುವುದು ನಮ್ಮ ಹಿರಿಯರ ಪದ್ಧತಿಯಾಗಿತ್ತು. ದಾರಿ ಎಷ್ಟು ದಿನದ್ದು, ಉಣ್ಣುವವರೆಷ್ಟು ಜನ, ನಡುವೆ ನೀರು ಸಿಕ್ಕುವ ಊರು ಯಾವುದು ಎಂದು ಲೆಕ್ಕ ಹಾಕಿದ ಮೇಲೆಯೇ ಬುತ್ತಿಗೆ ಗಂಟು ಬೀಳುತ್ತಿತ್ತು. ವಿಮಾನದಲ್ಲಿ ಹೋಗುವವರಿಗೆ ಇಂದು ಅನ್ನದ ಬುತ್ತಿಯ ಚಿಂತೆಯಿಲ್ಲ; ಅದನ್ನು ಕುಳಿತಲ್ಲಿಗೇ ತಂದುಕೊಡುತ್ತಾರೆ. ಅವರ ಚಿಂತೆಯೆಲ್ಲ ವಿದ್ಯುತ್ತಿನ ಬುತ್ತಿಯದು. ಈ ಮಾತು ನನಗೆ ಅರ್ಥವಾದದ್ದು ಈಚೆಗೆ, ನನ್ನ ತಂಗಿಯ ಮೊಮ್ಮಗನ ಜೊತೆಯಲ್ಲಿ ಅಮೆರಿಕಕ್ಕೆ ಹೋದಾಗ.

2021ರ ಜನವರಿಯಲ್ಲಿ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಏರ್ ಇಂಡಿಯಾದ ನೇರ ಹಾರಾಟ ಮೊದಲಾದಾಗ, ಎಲ್ಲಿಯೂ ಇಳಿಯದೆ ಸುಮಾರು ಹದಿನೇಳು ಗಂಟೆ ಗಾಳಿಯಲ್ಲಿರಬೇಕೆಂದು ಕೇಳಿ ಬೆರಗಾಗಿದ್ದೆ. ನಾವು ಹೋದದ್ದು ಬೇರೊಂದು ದಾರಿಯಲ್ಲಿ, ನಡುವೆ ವಿಮಾನ ಬದಲಿಸಿ. ಆದರೂ ಎರಡನೆಯ ಹಂತವೇ ಹದಿನೈದು ಗಂಟೆಯದು. ನಾನು ಮಗಳ ಮನೆಗೆ ಹೊರಟವನು, ನನಗೆ ಅವಸರವಿರಲಿಲ್ಲ. ಹುಡುಗನಿಗೆ ಇತ್ತು. ಅವನೂ ಅವನ ಇಬ್ಬರು ಗೆಳೆಯರೂ ಸೇರಿ ಮೂರು ವರ್ಷ ದುಡಿದು ಒಂದು ಕಂಪ್ಯೂಟರ್ ಆಟವನ್ನು ರಚಿಸಿದ್ದರು. ಅದಕ್ಕಾಗಿ ಕೈಯಲ್ಲಿದ್ದ ಕೆಲಸ ಬಿಟ್ಟಿದ್ದರು, ಮನೆಯವರಿಂದ ಸಾಲ ಪಡೆದಿದ್ದರು. ಇಳಿದ ಮರುದಿನ ಬೆಳಗ್ಗೆ ಹಣ ಹೂಡುವವರ ಮುಂದೆ ಅದನ್ನು ಆಡಿ ತೋರಿಸಬೇಕು. ಹೊರಡುವ ಹಿಂದಿನ ರಾತ್ರಿ ಒಂದು ದೋಷ ಕಾಣಿಸಿಕೊಂಡಿತ್ತು. ಮೂರನೆಯ ಅಂಕಕ್ಕೆ ಬಂದೊಡನೆ ಆಟ ಸ್ತಬ್ಧವಾಗಿ ನಿಂತುಬಿಡುತ್ತಿತ್ತು. “ಹದಿನೈದು ಗಂಟೆ ಇದೆಯಲ್ಲ ತಾತ, ವಿಮಾನದಲ್ಲೇ ಸರಿಮಾಡುತ್ತೇನೆ” ಎಂದು ಅವನು ಧೈರ್ಯವಾಗಿ ಹತ್ತಿದ್ದ.

ಅವನ ಲ್ಯಾಪ್‌ಟಾಪ್ ಸಾಮಾನ್ಯವಾದುದಲ್ಲ; ಗೇಮಿಂಗ್ ಲ್ಯಾಪ್‌ಟಾಪ್ ಎಂದು ಕರೆಯುವ ಜಾತಿಯದು. ಅದರೊಳಗೆ ಚಿತ್ರಗಳನ್ನು ರಚಿಸುವುದಕ್ಕೆಂದೇ ಪ್ರತ್ಯೇಕವಾದ ಒಂದು ಗ್ರಾಫಿಕ್ಸ್ ಚಿಪ್ ಇರುತ್ತದೆ. ಒಂದು ಸೆಕೆಂಡಿಗೆ ಅರವತ್ತು ಸಲ, ಕೆಲವೊಮ್ಮೆ ಅದಕ್ಕೂ ಹೆಚ್ಚು ಸಲ, ಅದು ಪರದೆಯನ್ನು ಹೊಸದಾಗಿ ಬರೆಯುತ್ತದೆ. ಆ ಶ್ರಮಕ್ಕೆ ತಕ್ಕ ಹಸಿವೂ ಅದಕ್ಕುಂಟು. ಕಛೇರಿಯ ಲ್ಯಾಪ್‌ಟಾಪ್ 45 ಅಥವಾ 65 ವ್ಯಾಟ್‌ನ ಚಾರ್ಜರಿನಿಂದ ತೃಪ್ತಿಪಟ್ಟರೆ, ಇವನದಕ್ಕೆ ಇಟ್ಟಿಗೆಯಷ್ಟು ದೊಡ್ಡದಾದ 240 ವ್ಯಾಟ್‌ನ ಅಡಾಪ್ಟರ್.

ವಿಮಾನ ಮೇಲೇರಿ ನೇರವಾದ ಮೇಲೆ ಅವನು ಆ ಇಟ್ಟಿಗೆಯ ಬಾಲವನ್ನು ಆಸನದ ಕೆಳಗಿನ ಪ್ಲಗ್ಗಿಗೆ ಸೇರಿಸಿದ. ಹಸುರು ದೀಪ ಹೊತ್ತಿತು. ಆಟ ಆರಂಭವಾಯಿತು, ಯಂತ್ರದ ಫ್ಯಾನುಗಳು ಬುಸುಗುಟ್ಟಿದವು, ಹಸುರು ದೀಪ ಆರಿತು. ತೆಗೆದು ಹಾಕಿದ, ಹೊತ್ತಿತು; ಮತ್ತೆ ಆರಿತು. ನನ್ನ ಆಸನದ ಪ್ಲಗ್ಗನ್ನು ಕೇಳಿ ಪಡೆದ. ಅದೂ ಹಾಗೆಯೇ ಮಾಡಿತು. ಗಗನಸಖಿ ಬಂದು ನೋಡಿ, “ಕೆಲವು ಲ್ಯಾಪ್‌ಟಾಪ್‌ಗಳಿಗೆ ಹೀಗಾಗುತ್ತದೆ ಸರ್” ಎಂದು ವಿಷಾದದಿಂದ ಹೇಳಿ ಹೋದಳು. ಏಕೆ ಹಾಗಾಗುತ್ತದೆಂಬುದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲವೆಂದು ತೋರುತ್ತದೆ.

ನಾನು ಮೂವತ್ತು ವರ್ಷಕ್ಕೂ ಮೇಲೆ ವಿದ್ಯುತ್ ಇಲಾಖೆಯಲ್ಲಿ ಎಂಜಿನಿಯರನಾಗಿದ್ದವನು. ನನಗೆ ಕಾರಣ ಹೊಳೆಯಿತು. ವಿಮಾನದಲ್ಲಿ ವಿದ್ಯುತ್ತಿಗೆ ಬರವೆಂದು ಇದರ ಅರ್ಥವಲ್ಲ. ಬೋಯಿಂಗ್ 787 ವಿಮಾನದ ಎರಡು ಎಂಜಿನ್ನುಗಳಿಗೆ ಒಟ್ಟು ನಾಲ್ಕು ಜನರೇಟರ್‌ಗಳಿವೆ. ಒಂದೊಂದರ ಶಕ್ತಿ 250 ಕೆ.ವಿ.ಎ. ನಮ್ಮ ಬಡಾವಣೆಗಳಿಗೆ ವಿದ್ಯುತ್ತು ಹಂಚುವ ಟ್ರಾನ್ಸ್‌ಫಾರ್ಮರುಗಳಲ್ಲಿಯೂ ಇದೇ ಅಳತೆಯವು ಉಂಟು. ಆದರೆ ಆ ವಿಮಾನದಲ್ಲಿ ಒಳಗಿನ ಗಾಳಿಯ ಒತ್ತಡವನ್ನು ಕಾಯುವುದು, ರೆಕ್ಕೆಗೆ ಮಂಜುಗಡ್ಡೆ ಕಟ್ಟದಂತೆ ಬೆಚ್ಚಗಿಡುವುದು ಎಲ್ಲವೂ ವಿದ್ಯುತ್ತಿನ ಕೆಲಸವೇ. ಪ್ರಯಾಣಿಕರ ಪ್ಲಗ್ಗುಗಳಿಗೆ ಉಳಿಯುವುದು ಕೊನೆಯ ಪಂಕ್ತಿ. ಮುನ್ನೂರು ಮಂದಿ ತಲೆಗೆ 240 ವ್ಯಾಟ್ ಎಳೆದರೆ 72 ಕಿಲೋವ್ಯಾಟ್ ಆಗುತ್ತದೆ. ಅಷ್ಟನ್ನು ಹೊರುವ ತಂತಿಯ ತೂಕವನ್ನು ವಿಮಾನ ಹೊರಬೇಕು. ಅಷ್ಟೂ ಕೊನೆಗೆ ಶಾಖವಾಗಿ ಮಾರ್ಪಡುವುದರಿಂದ ಆ ಶಾಖವನ್ನು ಹೊರಹಾಕಲೂ ಬೇಕು. ಆದುದರಿಂದ ಸಾಮಾನ್ಯ ದರ್ಜೆಯ ಆಸನಕ್ಕೆ ಅನೇಕ ವಿಮಾನಗಳಲ್ಲಿ 75ರಿಂದ 150 ವ್ಯಾಟ್‌ವರೆಗೆ ಮಾತ್ರ ಪಾಲು. ಅದನ್ನು ಮೀರಿದವನ ಪ್ಲಗ್ಗು ತಾನಾಗಿ ಕಡಿದುಹೋಗುತ್ತದೆ. ಇದು ದೋಷವಲ್ಲ, ಕಾವಲು.

ಹುಡುಗ ಕೈಚೀಲದಿಂದ ಪವರ್ ಬ್ಯಾಂಕ್ ತೆಗೆದ. ಗಗನಸಖಿ ಈ ಸಲ ವಿಷಾದಿಸಲಿಲ್ಲ, ಕಟ್ಟುನಿಟ್ಟಾಗಿ ಬೇಡವೆಂದಳು. ಅದಕ್ಕೂ ಕಾರಣವಿದೆ. ಲಿಥಿಯಂ ಬ್ಯಾಟರಿ ಒಳಗೇ ಕೆಟ್ಟರೆ ತನ್ನ ಬೆಂಕಿಯನ್ನು ತಾನೇ ಬೆಳೆಸಿಕೊಳ್ಳುತ್ತದೆ. 2010ರ ಸೆಪ್ಟೆಂಬರ್ 3ರಂದು ದುಬೈಯಿಂದ ಹೊರಟ ಒಂದು ಸರಕು ವಿಮಾನದಲ್ಲಿ ಇಂಥ ಬ್ಯಾಟರಿಗಳಿದ್ದ ಸರಕಿಗೆ ಬೆಂಕಿ ಬಿದ್ದು ಇಬ್ಬರು ಚಾಲಕರೂ ಪ್ರಾಣ ಕಳೆದುಕೊಂಡರು. 2025ರ ಜನವರಿ 28ರಂದು ದಕ್ಷಿಣ ಕೊರಿಯದ ಬೂಸಾನ್‌ನಲ್ಲಿ, ಇನ್ನೂ ನೆಲದ ಮೇಲಿದ್ದ ವಿಮಾನದಲ್ಲಿ, ತಲೆಯ ಮೇಲಿನ ಸಾಮಾನು ಗೂಡಿನಿಂದ ಬೆಂಕಿ ಎದ್ದಿತು. ಒಳಗಿದ್ದವರೆಲ್ಲ ಪಾರಾದರು, ವಿಮಾನ ಸುಟ್ಟುಹೋಯಿತು. ಪವರ್ ಬ್ಯಾಂಕೊಂದು ಕಾರಣವಾಗಿದ್ದಿರಬಹುದೆಂದು ತನಿಖೆ ಮಾಡಿದವರು ಹೇಳಿದರು. ಆ ವರ್ಷವೇ ಸಿಂಗಪುರ್ ಏರ್‌ಲೈನ್ಸ್ ಏಪ್ರಿಲ್‌ನಿಂದ, ಎಮಿರೇಟ್ಸ್ ಅಕ್ಟೋಬರ್‌ನಿಂದ, ಹಾರಾಟದಲ್ಲಿ ಪವರ್ ಬ್ಯಾಂಕಿನ ಬಳಕೆಯನ್ನು ನಿಷೇಧಿಸಿದವು.

ಉಳಿದದ್ದು ಲ್ಯಾಪ್‌ಟಾಪಿನ ಒಡಲೊಳಗಿನ ಬ್ಯಾಟರಿ. ಅನುಮತಿ ಕೇಳದೆ ವಿಮಾನದೊಳಕ್ಕೆ ಒಯ್ಯಬಹುದಾದ ಬ್ಯಾಟರಿಯ ಮಿತಿ 100 ವ್ಯಾಟ್-ಗಂಟೆ. ಅದಕ್ಕೆ ಮೇಲೆ 160ರವರೆಗಿನದಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ಅನೇಕ ದೊಡ್ಡ ಲ್ಯಾಪ್‌ಟಾಪ್‌ಗಳ ಬ್ಯಾಟರಿ 99 ವ್ಯಾಟ್-ಗಂಟೆಗೇ ನಿಲ್ಲುವ ಗುಟ್ಟು ಇದೇ. ಇವನದೂ ಅಷ್ಟೆ. ನೂರು ವ್ಯಾಟ್ ಎಳೆದು ಆಟ ನಡೆಸಿದರೆ ಒಂದು ಗಂಟೆಯ ಬುತ್ತಿ. ಮುಂದಿದ್ದ ದಾರಿ ಹದಿನಾಲ್ಕು ಗಂಟೆಯದು. ಹುಡುಗ ಮುಖ ತಿರುಗಿಸಿ ಕಿಟಕಿಯ ಕತ್ತಲೆಯನ್ನು ನೋಡತೊಡಗಿದ. “ಮೊದಲೇ ಗೊತ್ತಿದ್ದರೆ...” ಎಂದಷ್ಟೇ ಹೇಳಿ ನಿಲ್ಲಿಸಿದ.

ಈ ಮಾತನ್ನು ನಾನು ಒಮ್ಮೆ ಕೇಳಿದ್ದೆ. ಎಂಬತ್ತರ ದಶಕದ ಒಂದು ಬೇಸಿಗೆ. ಲಿಂಗನಮಕ್ಕಿಯ ಜಲಾಶಯದಲ್ಲಿ ನೀರು ತಗ್ಗಿತ್ತು. ಪಂಪ್‌ಸೆಟ್ಟುಗಳ ಸರದಿಯನ್ನು ಕಡಿತಗೊಳಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮುಂದೆ ಹೀಗಾಗುವುದೆಂದು ನನಗೆ ಮೂರು ವಾರ ಮೊದಲೇ ಗೊತ್ತಿತ್ತು. ಹಳ್ಳಿಯವರಿಗೆ ಹೇಳಿದರೆ ಗಲಾಟೆಯಾದೀತೆಂದು ಹೆದರಿ ಹೇಳಿರಲಿಲ್ಲ. ಬೆಳೆ ಒಣಗಿದ ಮೇಲೆ ವಯಸ್ಸಾದ ಒಬ್ಬ ರೈತ ನನ್ನ ಕಛೇರಿಯ ಮೆಟ್ಟಿಲ ಮೇಲೆ ಕುಳಿತು ಹೇಳಿದ: “ಕರೆಂಟು ಕಮ್ಮಿ ಅಂತ ನಾನು ದೂರಕ್ಕೆ ಬಂದಿಲ್ಲ ಸ್ವಾಮಿ. ಇಷ್ಟೇ ಇರೋದು ಅಂತ ಮೊದಲೇ ಹೇಳಿದ್ದರೆ ಒಂದೆಕರೆ ಬಿಟ್ಟು ಅರ್ಧ ಎಕರೆ ನಾಟಿ ಮಾಡ್ತಿದ್ದೆ.” ಅವನು ಗಲಾಟೆ ಮಾಡಿದ್ದರೆ ನಾನು ಎಂದೋ ಮರೆತುಬಿಡುತ್ತಿದ್ದೆ. ಅವನು ಗಲಾಟೆ ಮಾಡಲಿಲ್ಲ.

ನಾನು ಹುಡುಗನ ಭುಜ ಮುಟ್ಟಿ, “ನಿನ್ನ ಫೋನಿನ ಚಾರ್ಜರ್ ಎಷ್ಟು ವ್ಯಾಟಿನದು?” ಎಂದು ಕೇಳಿದೆ. ಅದು ಟೈಪ್-ಸಿ ಮಾದರಿಯದು, 65 ವ್ಯಾಟ್. ಅವನ ಲ್ಯಾಪ್‌ಟಾಪಿನ ಬದಿಯಲ್ಲಿಯೂ ಅದನ್ನು ಸ್ವೀಕರಿಸುವ ಬಾಯಿ ಇತ್ತು. ಈ ಚಾರ್ಜರುಗಳಲ್ಲಿ ನನಗೆ ಬಹಳ ಮೆಚ್ಚಿಗೆಯಾದ ಗುಣವೊಂದಿದೆ. ಜೋಡಿಸಿದೊಡನೆ ಅವು ಯಂತ್ರದೊಡನೆ ಮಾತನಾಡುತ್ತವೆ: “ನಾನು ಕೊಡಬಲ್ಲುದು ಇಷ್ಟು.” ಯಂತ್ರ ಅದನ್ನು ಕೇಳಿಕೊಂಡು ಅಷ್ಟರೊಳಗೆ ಎಳೆಯುತ್ತದೆ, ಇನ್ನೂ ಬೇಕಾದರೆ ಕೊರತೆಯನ್ನು ತನ್ನ ಬ್ಯಾಟರಿಯಿಂದ ತುಂಬಿಕೊಳ್ಳುತ್ತದೆ. ಜೋಡಿಸಿದೆವು. ಹಸುರು ದೀಪ ಹೊತ್ತಿತು; ಆರಲಿಲ್ಲ.

ಅನಂತರ ಊಟದ ತಟ್ಟೆಯೊಡನೆ ಬಂದ ಕಾಗದದ ಕರವಸ್ತ್ರದ ಮೇಲೆ ಲೆಕ್ಕ ಬರೆದೆವು. ಗ್ರಾಫಿಕ್ಸ್ ಚಿಪ್ಪನ್ನು ಮಲಗಿಸಿ, ಪರದೆಯ ಬೆಳಕನ್ನು ತಗ್ಗಿಸಿ ಕೇವಲ ಬರವಣಿಗೆಯ ಕೆಲಸ ಮಾಡಿದರೆ 25 ವ್ಯಾಟ್ ಸಾಕು. ಉಳಿದ 40 ಬ್ಯಾಟರಿಗೆ ಜಮೆ. ಆಟವನ್ನು ಸೆಕೆಂಡಿಗೆ ಮೂವತ್ತೇ ಚಿತ್ರಗಳೆಂದು ಕಟ್ಟಿಹಾಕಿ ಓಡಿಸಿದರೆ ಸುಮಾರು 100 ವ್ಯಾಟ್. ಅಂದರೆ ಬ್ಯಾಟರಿಯಿಂದ 35 ಖರ್ಚು. ಊಟದ ಹೊತ್ತು, ನಿದ್ದೆಯ ಹೊತ್ತು ಯಂತ್ರವನ್ನು ಪೂರ್ತಿ ಆರಿಸಿಟ್ಟರೆ ಬಂದದ್ದೆಲ್ಲ ಉಳಿತಾಯ. ಎರಡು ಗಂಟೆ ಬರೆಯುವುದು, ಅರ್ಧ ಗಂಟೆ ಓಡಿಸಿ ನೋಡುವುದು, ಮತ್ತೆ ಬರೆಯುವುದು ಎಂದು ಸರದಿಯ ಪಟ್ಟಿ ಸಿದ್ಧವಾಯಿತು. ಪಂಪ್‌ಸೆಟ್ಟಿನ ಪಟ್ಟಿಗಿಂತ ಹೆಚ್ಚು ಶ್ರದ್ಧೆಯಿಂದ ನಾನು ಅದನ್ನು ಬರೆದೆನೆಂದು ಒಪ್ಪಿಕೊಳ್ಳುತ್ತೇನೆ.

ಹನ್ನೊಂದನೆಯ ಗಂಟೆಯ ಹೊತ್ತಿಗೆ ನಾನು ತೂಕಡಿಸುತ್ತಿದ್ದಾಗ ಅವನು ನನ್ನನ್ನು ಅಲುಗಿಸಿ, “ತಾತ, ಮೂರನೆಯ ಅಂಕ ದಾಟಿತು” ಎಂದ. ಇಳಿಯುವಾಗ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಮರುದಿನ ಆಟ ಎಲ್ಲಿಯೂ ನಿಲ್ಲದೆ ನಡೆಯಿತಂತೆ. ನೋಡಿದವರು ಹಣ ಕೊಡಲಿಲ್ಲ. ಕೆಲವು ಬದಲಾವಣೆಗಳನ್ನು ಸೂಚಿಸಿ ಮತ್ತೆ ತರಲು ಹೇಳಿದರು. ಅವರು ಮೂವರೂ ಈಗ ಆ ಕೆಲಸದಲ್ಲಿದ್ದಾರೆ.

ನಾನು ಹೇಳಬೇಕೆಂದಿರುವುದು ಇಷ್ಟೆ. ಇಂಥ ಯಂತ್ರವನ್ನು ಹೊತ್ತು ಹೊರಡುವವರು ಬ್ಯಾಟರಿಯನ್ನು ತುಂಬಿಕೊಂಡು ಏರಲಿ. ದೊಡ್ಡ ಅಡಾಪ್ಟರಿನ ಜೊತೆಗೆ ಒಂದು ಚಿಕ್ಕ ಟೈಪ್-ಸಿ ಚಾರ್ಜರನ್ನೂ, ತಮ್ಮ ಯಂತ್ರ ಅದನ್ನು ಒಪ್ಪುತ್ತದೆಯೆ ಎಂದು ಮನೆಯಲ್ಲೇ ಪರೀಕ್ಷಿಸಿ, ಇಟ್ಟುಕೊಳ್ಳಲಿ. ವಿಮಾನ ನಡೆಸುವವರಿಗೂ ಒಂದು ಬಿನ್ನಹ. ಎರಡು ಕಾಸಿನ ಬಲ್ಬಿನ ಮೇಲೂ ಅದರ ವ್ಯಾಟ್ ಎಷ್ಟೆಂದು ಅಚ್ಚು ಹಾಕಿರುತ್ತಾರೆ. ನಮ್ಮ ಆಸನದ ಆ ಪ್ಲಗ್ಗಿನ ಮೇಲೆ ಪಕ್ಕದಲ್ಲೊಂದು ಹಸುರು ದೀಪವಿತ್ತೇ ಹೊರತು, ಒಂದು ಅಂಕಿ ಇರಲಿಲ್ಲ. ಪಾಲು ಕಡಿಮೆಯೆಂದು ಮುನಿಯುವವರು ಕೆಲವರಿರಬಹುದು. ಇಷ್ಟೆಂದು ತಿಳಿದರೆ ಅದಕ್ಕೆ ತಕ್ಕಷ್ಟು ನಾಟಿ ಮಾಡುವವರೇ ಹೆಚ್ಚು. ಮೆಟ್ಟಿಲ ಮೇಲೆ ಕುಳಿತಿದ್ದ ಆ ರೈತನಿಗೆ ನಾನು ಕೊಡಬೇಕಾಗಿದ್ದುದು ವಿದ್ಯುತ್ತಲ್ಲ, ಒಂದು ಅಂಕಿ.